ಏಳು ಸಾವಿರ ಮರ, ಏಳು ಸಾವಿರ ಕಲ್ಲು: ಯೋಸೆಫ್ ಬಾಯ್ಸ್ ಎಂಬ ಕಲಾವಿದ ಮಾಡಿದ್ದೇನು?

ಜರ್ಮನಿಯ ಕಾಸೆಲ್ ನಗರದಲ್ಲಿ ಐದು ವರ್ಷಕ್ಕೊಮ್ಮೆ ಡೊಕುಮೆಂಟಾ ಎಂಬ ದೊಡ್ಡ ಕಲಾ ಪ್ರದರ್ಶನ ನಡೆಯುತ್ತದೆ. ಮುಂದಿನದು 2027ರ ಜೂನ್ 12ಕ್ಕೆ ಶುರು ಎಂದು ನಿಗದಿಯಾಗಿದೆ. ಡೊಕುಮೆಂಟಾ ಹತ್ತಿರ ಬಂದಾಗಲೆಲ್ಲ ಒಂದು ಹೆಸರು ಮತ್ತೆ ಕಿವಿಗೆ ಬೀಳುತ್ತದೆ: ಯೋಸೆಫ್ ಬಾಯ್ಸ್. ತಲೆ ಮೇಲೆ ಸದಾ ಫೆಲ್ಟ್ ಹ್ಯಾಟು, ಮೈಮೇಲೆ ತುಂಬ ಜೇಬುಗಳಿರುವ ಕೋಟು. ಫೋಟೋಗಳಲ್ಲಿ ಅವರನ್ನು ಯಾರೂ ಥಟ್ಟನೆ ಗುರುತು ಹಿಡಿಯಬಹುದು. ಇವರು ಒಂದು ಊರಿನ ತುಂಬ ಏಳು ಸಾವಿರ ಮರ ನೆಡಿಸುವ ಕೆಲಸಕ್ಕೆ ಕೈಹಾಕಿದರು. ಅದನ್ನು ಶಿಲ್ಪ ಎಂದು ಕರೆದರು.

ಗಿಡ ನೆಡೋದು ಒಳ್ಳೆ ಕೆಲಸ, ಸರಿ. ಆದರೆ ಅದು ಕಲೆ ಹೇಗಾಗುತ್ತದೆ? ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ನಗರಗಳು ಕಾದ ಹಂಚಿನಂತೆ ಆಗುತ್ತಿರುವ ಈ ದಿನಗಳಲ್ಲಿ, ರಸ್ತೆಯ ಒಂದು ಮರವನ್ನು ಯಾರು ನೆಡಬೇಕು, ಯಾರು ಕಾಯಬೇಕು, ದುಡ್ಡು ಯಾರು ಕೊಡಬೇಕು ಅನ್ನುವುದು ಎಲ್ಲರ ತಲೆಬಿಸಿ. ಬಾಯ್ಸ್ 40 ವರ್ಷದ ಹಿಂದೆಯೇ ಈ ಪ್ರಶ್ನೆಗಳನ್ನು ಕಲೆಯ ಒಳಗೆ ಎಳೆದು ತಂದರು. ಅಲ್ಲಿಗೆ ಅವರು ಹೇಗೆ ಬಂದರು ಅನ್ನುವುದು ಗೊತ್ತಾದರೆ ಉತ್ತರ ತಾನಾಗಿ ತಿಳಿಯಾಗುತ್ತದೆ.

ಪರಿಸರ ಕಲೆ ಎಂದರೆ ಏನು?

ಭೂದೃಶ್ಯದ ಚಿತ್ರ ಬರೆಯುವವರು ಎಲ್ಲ ಕಾಲದಲ್ಲೂ ಇದ್ದರು. ಗುಡ್ಡವನ್ನು ನೋಡಿ ಕ್ಯಾನ್ವಾಸ್ ಮೇಲೆ ಗುಡ್ಡ ಬರೆಯುತ್ತಿದ್ದರು. 1960ರ ದಶಕದ ಕೊನೆಗೆ ಅಮೆರಿಕ, ಯುರೋಪಿನ ಕೆಲವು ಕಲಾವಿದರು ಕ್ಯಾನ್ವಾಸನ್ನೇ ಬಿಟ್ಟರು. ನೆಲ, ನೀರು, ಕಲ್ಲು, ಎಲೆಗಳನ್ನೇ ಬಳಸಿ ಅಲ್ಲೇ ಬಯಲಿನಲ್ಲಿ ಕೃತಿ ಮಾಡತೊಡಗಿದರು. ಕೆಲವರು ಬುಲ್ಡೋಜರ್ ತಂದು ಮರುಭೂಮಿಯಲ್ಲಿ ದೊಡ್ಡ ದೊಡ್ಡ ಆಕಾರ ಕೊರೆದರು. ಕೆಲವರು ಎಲೆ, ಹೂವು, ಕಡ್ಡಿಗಳನ್ನು ಜೋಡಿಸಿ, ಗಾಳಿ ಮಳೆಗೆ ಅದು ಹೋಗುವ ಮುಂಚೆ ಫೋಟೋ ತೆಗೆದರು. ಮೂರನೆಯ ಒಂದು ಗುಂಪು ಕೆಟ್ಟ ನೆಲವನ್ನು, ಕೆಟ್ಟ ನೀರನ್ನು ಸರಿ ಮಾಡುವುದನ್ನೇ ಕಲೆ ಎಂದುಕೊಂಡಿತು.

ಬಾಯ್ಸ್ ಈ ಮೂರನೆಯ ಗುಂಪಿಗೆ ಹತ್ತಿರದವರು. ಆದರೆ ಅವರ ಮಟ್ಟಿಗೆ ಕೆಟ್ಟುಹೋದದ್ದು ನೆಲ ಮಾತ್ರ ಆಗಿರಲಿಲ್ಲ. ಮನುಷ್ಯರು ಒಟ್ಟಿಗೆ ಬದುಕುವ ರೀತಿಯೂ ಕೆಟ್ಟಿದೆ, ಎರಡನ್ನೂ ಒಟ್ಟಿಗೇ ಸರಿ ಮಾಡಬೇಕು ಅನ್ನುವುದು ಅವರ ನಂಬಿಕೆ. ಅವರ ಎಲ್ಲ ಕೆಲಸದ ಬುಡ ಇದು.

ಗಿಡಗಳ ಹುಚ್ಚಿನ ಹುಡುಗ, ಯುದ್ಧದ ಸೈನಿಕ

ಬಾಯ್ಸ್ ಹುಟ್ಟಿದ್ದು 1921ರ ಮೇ 12ರಂದು, ಜರ್ಮನಿಯ ಪಶ್ಚಿಮದ ಕ್ರೇಫೆಲ್ಡ್‌ನಲ್ಲಿ. ಬೆಳೆದದ್ದು ನೆದರ್ಲೆಂಡ್ಸ್ ಗಡಿಗೆ ಅಂಟಿಕೊಂಡಿರುವ ಕ್ಲೇವೆ ಎಂಬ ಸಣ್ಣ ಊರಿನ ಸುತ್ತಮುತ್ತ. ಒಬ್ಬನೇ ಮಗ. ರೈನ್ ನದಿಯ ಬಯಲು, ಹುಲ್ಲುಗಾವಲು, ಜೌಗು ನೆಲದ ನಡುವೆ ಬೆಳೆದ ಹುಡುಗನಿಗೆ ಗಿಡ, ಪ್ರಾಣಿಗಳೆಂದರೆ ಎಲ್ಲಿಲ್ಲದ ಕುತೂಹಲ.

ನಾಜಿಗಳ ಕಾಲದಲ್ಲಿ ಬೆಳೆದ ಆ ತಲೆಮಾರಿನ ಬಹಳ ಹುಡುಗರಂತೆ ಇವರೂ ಹಿಟ್ಲರ್ ಯುವದಳದಲ್ಲಿದ್ದರು. 1941ರಲ್ಲಿ ತಾವಾಗಿಯೇ ವಾಯುಪಡೆಗೆ ಸೇರಿದರು. 1944ರ ಮಾರ್ಚ್ 16ರಂದು ಕ್ರೈಮಿಯಾದಲ್ಲಿ ಅವರಿದ್ದ ಬಾಂಬರ್ ವಿಮಾನ ನೆಲಕ್ಕಪ್ಪಳಿಸಿತು. ಪೈಲಟ್ ಸತ್ತರು. ಬಾಯ್ಸ್ ಗಾಯಗೊಂಡು ಉಳಿದರು.

ಈ ಘಟನೆಯ ಬಗ್ಗೆ ಬಾಯ್ಸ್ ಮುಂದೆ ಒಂದು ಕಥೆ ಹೇಳುತ್ತಿದ್ದರು. ಅಲ್ಲಿನ ತಾತಾರ್ ಜನ ತಮ್ಮನ್ನು ಹಿಮದಿಂದ ಎತ್ತಿಕೊಂಡು ಹೋಗಿ, ಮೈಗೆ ಕೊಬ್ಬು ಸವರಿ, ಫೆಲ್ಟ್ ಬಟ್ಟೆಯಲ್ಲಿ ಸುತ್ತಿ ಬದುಕಿಸಿದರು ಎಂದು. ಫೆಲ್ಟ್ ಅಂದರೆ ಉಣ್ಣೆಯನ್ನು ನೇಯದೆ ಒತ್ತಿ ಮಾಡುವ ದಪ್ಪ ಬಟ್ಟೆ. ಕಥೆ ಚೆನ್ನಾಗಿದೆ, ಜಗತ್ತಿನಾದ್ಯಂತ ಹರಡಿತು. ಆದರೆ ಸೇನೆಯ ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ಜರ್ಮನ್ ಹುಡುಕಾಟ ತಂಡವೇ ಅವರನ್ನು ಕಂಡುಹಿಡಿದಿದೆ. ಮರುದಿನದಿಂದ ಸುಮಾರು ಮೂರು ವಾರ ಅವರು ಸೇನೆಯ ಆಸ್ಪತ್ರೆಯಲ್ಲಿದ್ದರು. ಹಾಗಾಗಿ ತಾತಾರ್ ಕಥೆಯನ್ನು ಇಂದು ವಿದ್ವಾಂಸರು ನಡೆದ ಸಂಗತಿಯಾಗಿ ತೆಗೆದುಕೊಳ್ಳುವುದಿಲ್ಲ. ಯುದ್ಧದಲ್ಲಿ ತಾನೇನು ಮಾಡಿದೆ ಎಂಬುದರ ಬದಲು, ತನ್ನನ್ನು ಯಾರು ಕಾಪಾಡಿದರು ಎಂಬ ಕಥೆ ಹೇಳಿದರು ಎಂದು ಅವರ ಮೇಲೆ ಗಟ್ಟಿಯಾದ ಟೀಕೆಯೂ ಇದೆ. ಬಾಯ್ಸ್ ಬಗ್ಗೆ ಓದುವಾಗ ಈ ಮಾತು ಮನಸ್ಸಿನಲ್ಲಿರಬೇಕು.

ಯುದ್ಧ ಮುಗಿದ ಮೇಲೆ ಬ್ರಿಟಿಷರ ಸೆರೆಯಲ್ಲಿದ್ದು ಬಿಡುಗಡೆಯಾದರು. ಡ್ಯುಸೆಲ್‌ಡಾರ್ಫ್‌ನ ಕಲಾ ಅಕಾಡೆಮಿಯಲ್ಲಿ ಶಿಲ್ಪ ಕಲಿತರು. 1950ರ ದಶಕದ ನಡುವೆ ತೀವ್ರ ಖಿನ್ನತೆಗೆ ಬಿದ್ದರು. ಆಗ ಗೆಳೆಯರಾದ ವಾನ್ ಡೆರ್ ಗ್ರಿಂಟೆನ್ ಸಹೋದರರು ತಮ್ಮ ಹೊಲಮನೆಗೆ ಕರೆದೊಯ್ದರು. ಹೊಲದಲ್ಲಿ ದುಡಿಯುತ್ತ, ಚಿತ್ರ ಬರೆಯುತ್ತ ಬಾಯ್ಸ್ ಚೇತರಿಸಿಕೊಂಡರು. 1961ರಲ್ಲಿ ತಾವು ಓದಿದ ಅಕಾಡೆಮಿಯಲ್ಲೇ ಶಿಲ್ಪಕಲೆಯ ಪ್ರಾಧ್ಯಾಪಕರಾದರು.

ಕೊಬ್ಬು, ಫೆಲ್ಟ್, ಜೇನು

ಶಿಲ್ಪಿ ಎಂದರೆ ಕಲ್ಲು, ಕಂಚು, ಮರ ಎಂದು ನಾವು ಅಂದುಕೊಳ್ಳುತ್ತೇವೆ. ಬಾಯ್ಸ್ ಕೈಗೆತ್ತಿಕೊಂಡದ್ದು ಪ್ರಾಣಿಗಳ ಕೊಬ್ಬು, ಫೆಲ್ಟ್, ಜೇನುಮೇಣ, ತಾಮ್ರ. 1960ರ ದಶಕದಲ್ಲಿ ಅವರು ಮಾಡಿದ ಒಂದು ಕೃತಿಯಲ್ಲಿ ಮರದ ಕುರ್ಚಿಯ ಮೇಲೆ ಇಳಿಜಾರಾಗಿ ಮೆತ್ತಿದ ಕೊಬ್ಬಿನ ದಿಮ್ಮಿ ಬಿಟ್ಟರೆ ಬೇರೇನಿಲ್ಲ.

ಇದನ್ನು ನೋಡಿ ಮುಖ ಸಿಂಡರಿಸುವವರೇ ಜಾಸ್ತಿ. ಆದರೆ ಅವರ ಯೋಚನೆ ನಮಗೆ ಕಷ್ಟದ್ದಲ್ಲ. ಅಡುಗೆಮನೆಯ ತುಪ್ಪದ ಡಬ್ಬಿಯನ್ನೇ ನೋಡಿ. ಚಳಿಗೆ ಗಟ್ಟಿಯಾಗಿ ಡಬ್ಬಿಯ ಆಕಾರ ಹಿಡಿಯುತ್ತದೆ. ಒಲೆಯ ಹತ್ತಿರ ಇಟ್ಟರೆ ಕರಗಿ ಹರಿಯುತ್ತದೆ. ಮತ್ತೆ ತಣ್ಣಗಾದರೆ ಮತ್ತೊಂದು ಆಕಾರ. ಬಾಯ್ಸ್‌ಗೆ ಶಿಲ್ಪವೆಂದರೆ ಇದೇ: ಬಿಸಿಯಿಂದ ಹರಿವು, ತಂಪಿನಿಂದ ಆಕಾರ, ಇವೆರಡರ ನಡುವಿನ ಓಡಾಟ. ಮುಗಿದು ನಿಂತ ಆಕೃತಿಗಿಂತ, ಆಕೃತಿ ಬದಲಾಗುವ ಕ್ರಿಯೆ ಅವರಿಗೆ ಮುಖ್ಯ. ಫೆಲ್ಟ್ ಕೂಡ ಹೀಗೆಯೇ ಬಂತು. ಅದು ಬಿಸಿಯನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ.

ಜೊತೆಗೆ ಅವರು ತಾವೇ ನಿಂತು ಮಾಡುವ ಪ್ರದರ್ಶನಗಳನ್ನೂ ಶುರು ಮಾಡಿದರು. ಅವುಗಳನ್ನು ಅವರು ‘ಆಕ್ಷನ್’ ಎನ್ನುತ್ತಿದ್ದರು. 1965ರಲ್ಲಿ ಡ್ಯುಸೆಲ್‌ಡಾರ್ಫ್‌ನ ಒಂದು ಗ್ಯಾಲರಿಯಲ್ಲಿ ತಲೆಗೆ ಜೇನು ಸವರಿ, ಅದರ ಮೇಲೆ ಚಿನ್ನದ ತಗಡಿನ ಹಾಳೆ ಅಂಟಿಸಿಕೊಂಡರು. ಸತ್ತ ಮೊಲವನ್ನು ತೋಳಿನಲ್ಲಿಟ್ಟುಕೊಂಡು ಗೋಡೆಯ ಚಿತ್ರಗಳನ್ನು ಅದಕ್ಕೆ ಒಂದೊಂದಾಗಿ ಪಿಸುಮಾತಿನಲ್ಲಿ ವಿವರಿಸಿದರು. ನೋಡುಗರು ಹೊರಗೆ, ಕಿಟಕಿಯ ಗಾಜಿನ ಆಚೆ. 1974ರಲ್ಲಿ ನ್ಯೂಯಾರ್ಕಿಗೆ ಹೋದಾಗ ಗ್ಯಾಲರಿಯ ಒಂದು ಕೋಣೆಯಲ್ಲಿ ಕಯೋಟೆ ಎಂಬ ತೋಳದ ಜಾತಿಯ ಕಾಡುಪ್ರಾಣಿಯ ಜೊತೆ ಮೂರು ದಿನ ಕಳೆದರು. ಅಮೆರಿಕದ ಮೂಲನಿವಾಸಿಗಳು ಗೌರವಿಸುತ್ತಿದ್ದ, ಆಮೇಲೆ ಬಂದವರು ಪೀಡೆ ಎಂದು ಕೊಲ್ಲುತ್ತಿದ್ದ ಪ್ರಾಣಿ ಅದು. ಮನುಷ್ಯ ಪ್ರಾಣಿಗಳಿಂದ, ಗಿಡಗಳಿಂದ ದೂರವಾಗಿದ್ದಾನೆ, ಆ ನಂಟನ್ನು ಮತ್ತೆ ಬೆಸೆಯಬೇಕು ಎಂಬ ಹಟ ಈ ಎಲ್ಲದರಲ್ಲೂ ಇದೆ.

ಕಾಡಿನಲ್ಲಿ ಕಸ ಗುಡಿಸಿದ ಪ್ರಾಧ್ಯಾಪಕ

1971ರ ಕೊನೆಯಲ್ಲಿ ಡ್ಯುಸೆಲ್‌ಡಾರ್ಫ್‌ನ ಅಂಚಿನ ಗ್ರಾಫೆನ್‌ಬರ್ಗ್ ಕಾಡಿನ ಒಂದು ಭಾಗಕ್ಕೆ ಕೊಡಲಿ ಬೀಳುವುದಿತ್ತು. ಟೆನಿಸ್ ಕ್ಲಬ್ಬೊಂದು ತನ್ನ ಅಂಗಳ ದೊಡ್ಡದು ಮಾಡಿಕೊಳ್ಳಲು ಹೊರಟಿತ್ತು. ಬಾಯ್ಸ್ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡಿಗೆ ಹೋದರು. ಎಲ್ಲರ ಕೈಯಲ್ಲೂ ಬರ್ಚ್ ಕಡ್ಡಿಯ ಪೊರಕೆ. ಪ್ರತಿಭಟನೆಯಾಗಿ ಕಾಡಿನ ದಾರಿಗಳನ್ನು ಗುಡಿಸಿದರು.

ಇಲ್ಲೊಂದು ತಿರುವು ಇದೆ. ಅದುವರೆಗೆ ಗ್ಯಾಲರಿಯೊಳಗೆ ಸಂಕೇತವಾಗಿ ಆಗುತ್ತಿದ್ದದ್ದು ಈಗ ನಿಜವಾದ ಒಂದು ಕಾಡಿಗೆ, ನಿಜವಾದ ಒಂದು ಜಗಳಕ್ಕೆ ಬಂತು.

ಮರುವರ್ಷ ಅವರ ಕೆಲಸವೇ ಹೋಯಿತು. ಅಕಾಡೆಮಿಗೆ ಅರ್ಜಿ ಹಾಕಿ ಸೀಟು ಸಿಗದ ವಿದ್ಯಾರ್ಥಿಗಳನ್ನೆಲ್ಲ ಬಾಯ್ಸ್ ತಮ್ಮ ತರಗತಿಗೆ ಸೇರಿಸಿಕೊಳ್ಳುತ್ತಿದ್ದರು. ಕಲಿಯುವ ಆಸೆ ಇರುವವರನ್ನು ಬಾಗಿಲಲ್ಲೇ ತಡೆಯುವ ಹಕ್ಕು ಯಾರಿಗೂ ಇಲ್ಲ ಎಂಬುದು ಅವರ ವಾದ. ಅಧಿಕಾರಿಗಳು ಒಪ್ಪಲಿಲ್ಲ. 1972ರಲ್ಲಿ ಅವರು ವಿದ್ಯಾರ್ಥಿಗಳ ಜೊತೆ ಅಕಾಡೆಮಿಯ ಕಚೇರಿಯಲ್ಲೇ ಕುಳಿತುಬಿಟ್ಟರು. ಆಗ ಆ ರಾಜ್ಯದ ಸಚಿವರಾಗಿದ್ದ, ಮುಂದೆ ಜರ್ಮನಿಯ ಅಧ್ಯಕ್ಷರಾದ ಯೊಹಾನೆಸ್ ರಾವ್ ಎಂಬುವರು ಬಾಯ್ಸ್ ಅವರನ್ನು ವಜಾ ಮಾಡಿದರು. ಕೋರ್ಟಿನ ಕೇಸು ವರ್ಷಗಟ್ಟಲೆ ನಡೆಯಿತು.

ರಾಜಕೀಯಕ್ಕೂ ಇಳಿದರು. ಪರಿಸರವನ್ನೇ ಮುಂದಿಟ್ಟು ಹುಟ್ಟಿದ ಹೊಸ ಗುಂಪಿನಿಂದ 1979ರಲ್ಲಿ ಯುರೋಪಿಯನ್ ಸಂಸತ್ತಿಗೆ ಸ್ಪರ್ಧಿಸಿದರು. 1980ರ ಜನವರಿಯಲ್ಲಿ ಗ್ರೀನ್ ಪಾರ್ಟಿ ಕಟ್ಟಿದವರಲ್ಲಿ ಇವರೂ ಒಬ್ಬರು. ಆ ಪಕ್ಷ 1983ರಲ್ಲಿ ಜರ್ಮನ್ ಸಂಸತ್ತಿಗೆ ಕಾಲಿಟ್ಟಿತು. ಆದರೆ ಬಾಯ್ಸ್‌ಗೆ ಅಷ್ಟು ಹೊತ್ತಿಗೆ ಗೆಲ್ಲುವಂಥ ಜಾಗ ಪಕ್ಷದ ಅಭ್ಯರ್ಥಿಗಳ ಪಟ್ಟಿಯಲ್ಲಿ ಸಿಗಲಿಲ್ಲ, ಹಿಂದೆ ಸರಿದರು.

ಸಾಮಾಜಿಕ ಶಿಲ್ಪ: ಒಂದು ಕಷ್ಟದ ಮಾತು, ಸರಳವಾಗಿ

“ಪ್ರತಿಯೊಬ್ಬ ಮನುಷ್ಯನೂ ಕಲಾವಿದ” ಎಂಬುದು ಬಾಯ್ಸ್ ಅವರ ಅತಿ ಹೆಸರಾದ ಮಾತು. ಅತಿ ತಪ್ಪಾಗಿ ತಿಳಿದುಕೊಂಡ ಮಾತೂ ಇದೇ. ಎಲ್ಲರೂ ಕುಂಚ ಹಿಡಿಯಬೇಕು, ಎಲ್ಲರ ಚಿತ್ರವೂ ಒಂದೇ ಎಂದು ಅವರು ಹೇಳಲಿಲ್ಲ. ದಾದಿ, ರೈತ, ಮೇಷ್ಟ್ರು, ಕಸ ಎತ್ತುವವರು, ಯಾರೇ ಆಗಲಿ, ತಮ್ಮ ಕೆಲಸದಲ್ಲಿ ಆಲೋಚಿಸಿ ತೀರ್ಮಾನ ಮಾಡುವ, ಇದ್ದದ್ದನ್ನು ಬದಲಿಸುವ ಶಕ್ತಿ ಎಲ್ಲರಲ್ಲೂ ಇದೆ ಅನ್ನುವುದು ಅದರ ತಿರುಳು.

ಇದನ್ನು ಒಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋದರೆ ಸಾಮಾಜಿಕ ಶಿಲ್ಪ. ಶಿಲ್ಪಿ ಜೇಡಿಮಣ್ಣಿಗೆ ಆಕಾರ ಕೊಡುತ್ತಾನೆ. ಹಾಗೆಯೇ ಜನರೆಲ್ಲ ಸೇರಿ ತಾವು ಬದುಕುವ ಸಮಾಜಕ್ಕೆ ಆಕಾರ ಕೊಡಬಹುದು. ಚರ್ಚೆ, ಜಗಳ, ಒಪ್ಪಂದ, ವಂತಿಗೆ, ಕೈಕೆಲಸ, ಇವೆಲ್ಲ ಆ ಶಿಲ್ಪದ ಮಣ್ಣು. ಕಲಾವಿದನ ಕೆಲಸ ಅದನ್ನು ಶುರು ಮಾಡಿಸುವುದು.

ಮಾತು ದೊಡ್ಡದು. ನಿಜಕ್ಕೂ ಹೀಗೆ ಆಗುತ್ತದಾ ಎಂದು ಕೇಳಿದರೆ ತೋರಿಸಲು ಒಂದು ಜಾಗ ಬೇಕಲ್ವಾ? ಆ ಜಾಗ ಕಾಸೆಲ್.

ಕಾಸೆಲ್ ಮತ್ತು ಡೊಕುಮೆಂಟಾ

ಕಾಸೆಲ್ ಜರ್ಮನಿಯ ನಡುಮಧ್ಯದ ಮಧ್ಯಮ ಗಾತ್ರದ ನಗರ. ರೈಲು ಎಂಜಿನ್, ಟ್ಯಾಂಕ್ ತಯಾರಾಗುತ್ತಿದ್ದ ಊರು. 1943ರ ಅಕ್ಟೋಬರ್ 22ರ ರಾತ್ರಿ ಬ್ರಿಟಿಷ್ ವಿಮಾನಗಳ ದಾಳಿಗೆ ಊರಿನ ಹಳೆಯ ಭಾಗ ಸುಟ್ಟು ಬೂದಿಯಾಯಿತು. ಸುಮಾರು 10,000 ಜನ ಸತ್ತರು. ಯುದ್ಧದ ನಂತರ ಊರನ್ನು ಮತ್ತೆ ಕಟ್ಟಿದಾಗ ಅಗಲದ ರಸ್ತೆ, ಕಾಂಕ್ರೀಟು, ಕಾರುಗಳಿಗೆ ಮೊದಲ ಮರ್ಯಾದೆ.

ಇಂಥ ಊರಿನಲ್ಲಿ 1955ರಲ್ಲಿ ಆರ್ನೋಲ್ಡ್ ಬೋಡೆ ಎಂಬ ಕಲಾವಿದ ಡೊಕುಮೆಂಟಾ ಶುರು ಮಾಡಿದರು. ನಾಜಿಗಳು ‘ಕೆಟ್ಟ ಕಲೆ’ ಎಂದು ಹತ್ತಿಕ್ಕಿದ್ದ ಆಧುನಿಕ ಕಲೆಯನ್ನು ಜನರಿಗೆ ಮತ್ತೆ ತೋರಿಸುವುದು ಮೊದಲ ಉದ್ದೇಶ. ಪ್ರದರ್ಶನ 100 ದಿನ ನಡೆಯುತ್ತದೆ. ಅದರ ಮುಖ್ಯ ಕಟ್ಟಡ ಫ್ರಿಡೆರಿಸಿಯಾನಮ್ ಎಂಬ ಹಳೆಯ ಮ್ಯೂಸಿಯಂ. ಅದರ ಮುಂದೆ ವಿಶಾಲವಾದ ಮೈದಾನ.

ಬಾಯ್ಸ್ 1964ರಿಂದ ಪ್ರತಿ ಡೊಕುಮೆಂಟಾದಲ್ಲೂ ಇದ್ದರು. 1972ರಲ್ಲಿ 100 ದಿನವೂ ಅಲ್ಲೊಂದು ಕಚೇರಿ ತೆರೆದು, ಮೇಜಿನ ಮೇಲೆ ಒಂದು ಗುಲಾಬಿ ಇಟ್ಟುಕೊಂಡು, ಬಂದವರ ಜೊತೆ ನೇರ ಪ್ರಜಾಪ್ರಭುತ್ವದ ಬಗ್ಗೆ ಮಾತಾಡಿದರು. 1977ರಲ್ಲಿ ಪಂಪು ಹಚ್ಚಿ ಕಟ್ಟಡದ ಪೈಪುಗಳಲ್ಲಿ ಜೇನು ಹರಿಸಿದರು. 1982ರ ಏಳನೆಯ ಡೊಕುಮೆಂಟಾಕ್ಕೆ ಅವರು ತಂದದ್ದು ಮರ.

ಕಲ್ಲಿನ ರಾಶಿ ಹೇಗೆ ಕೆಲಸ ಮಾಡಿತು

1982ರ ಮಾರ್ಚ್ 16ರಂದು ಬಾಯ್ಸ್ ಫ್ರಿಡೆರಿಸಿಯಾನಮ್ ಎದುರು ಮೊದಲ ಓಕ್ ಸಸಿ ನೆಟ್ಟರು. 38 ವರ್ಷದ ಹಿಂದೆ ಅದೇ ತಾರೀಖಿನಂದು ಅವರ ವಿಮಾನ ಬಿದ್ದಿತ್ತು. ಸಸಿಯ ಪಕ್ಕ ಒಂದು ಕಲ್ಲು ನಿಲ್ಲಿಸಿದರು. ಉಳಿದ ಕಲ್ಲುಗಳನ್ನು ಮೈದಾನದಲ್ಲಿ ರಾಶಿ ಹಾಕಿಸಿದರು. ಒಟ್ಟು 7,000 ಬಸಾಲ್ಟ್ ಕಲ್ಲುಕಂಬ. ಮೇಲಿನಿಂದ ನೋಡಿದರೆ ರಾಶಿ ಉದ್ದನೆಯ ಬಾಣದ ಮೊನೆಯಂತೆ, ಆ ಮೊದಲ ಸಸಿಯ ಕಡೆಗೆ ತಿರುಗಿತ್ತು.

ಈಗ ನಿಯಮ. ರಾಶಿಯಿಂದ ಒಂದು ಕಲ್ಲು ಎತ್ತಬೇಕಾದರೆ ಊರಿನಲ್ಲಿ ಎಲ್ಲಾದರೂ ಒಂದು ಮರ ನೆಡಬೇಕು. ಕಲ್ಲನ್ನು ಆ ಮರದ ಪಕ್ಕ ಹೂಳಬೇಕು, ನೆಲದ ಮೇಲೆ ಸುಮಾರು ನಾಲ್ಕು ಅಡಿ ಕಾಣುವಂತೆ. ಬೇರೆ ಯಾವ ಕಾರಣಕ್ಕೂ ಕಲ್ಲು ಕದಲುವಂತಿಲ್ಲ.

ಇದರ ಜಾಣ್ಮೆಯನ್ನು ಸ್ವಲ್ಪ ನಿಂತು ನೋಡಬೇಕು. ಊರ ನಡುವೆ, ಎಲ್ಲರ ಕಣ್ಣೆದುರು, ಓಡಾಟಕ್ಕೆ ಅಡ್ಡವಾಗಿ ಕಲ್ಲಿನ ಗುಡ್ಡ ಬಿದ್ದಿದೆ. ಜನರಿಗೆ ಕಿರಿಕಿರಿ. ಅದು ಹೋಗಬೇಕಾದರೆ ಇರುವುದು ಒಂದೇ ದಾರಿ, ಗಿಡ ನೆಡುವುದು. ಎಷ್ಟು ಮರ ನೆಟ್ಟಾಗಿದೆ ಎಂದು ಯಾರೂ ವರದಿ ಓದಬೇಕಿಲ್ಲ. ರಾಶಿ ಎಷ್ಟು ಇಳಿದಿದೆ ನೋಡಿದರೆ ಸಾಕು. ಕೆಲಸ ನಿಂತರೆ ರಾಶಿಯೂ ನಿಲ್ಲುತ್ತದೆ, ಮುಚ್ಚಿಡಲು ಆಗುವುದಿಲ್ಲ. ಮರ ನೆಡುವ ಭರವಸೆಗಳು ಭಾಷಣದಲ್ಲೇ ಉಳಿಯುವುದನ್ನು ಕಂಡವರಿಗೆ ಈ ಲೆಕ್ಕದ ಬೆಲೆ ಗೊತ್ತಾಗುತ್ತದೆ.

ಮರ ಎಲ್ಲಿ ಬರಬೇಕು ಎಂದು ಬಾಯ್ಸ್ ಒಬ್ಬರೇ ಹೇಳಲಿಲ್ಲ. ಕಾಸೆಲ್‌ನಲ್ಲಿ ಒಂದು ಕಚೇರಿ ತೆರೆದರು. ಶಾಲೆಗಳು, ಬಡಾವಣೆಯ ಸಂಘಗಳು, ನಿವಾಸಿಗಳು ತಮಗೆ ಬೇಕಾದ ಜಾಗ ಸೂಚಿಸಿದರು. ಆಮೇಲೆ ಶುರುವಾಗುತ್ತಿತ್ತು ಅಸಲಿ ಕೆಲಸ. ಡಾಂಬರು ಒಡೆಯಬೇಕು. ಕೆಳಗೆ ನೀರಿನ ಪೈಪು, ಗ್ಯಾಸ್ ಪೈಪು, ಕರೆಂಟ್ ಕೇಬಲ್, ಫೋನ್ ಕೇಬಲ್. ಪ್ರತಿಯೊಂದಕ್ಕೂ ಒಂದು ಇಲಾಖೆ, ಪ್ರತಿ ಇಲಾಖೆಗೂ ಒಂದು ತಕರಾರು. ಆಗಿನ ಮೇಯರ್ ಹಾನ್ಸ್ ಐಖೆಲ್ ಬೆನ್ನಿಗೆ ನಿಂತಿದ್ದರಿಂದ ದಾರಿ ಸುಗಮವಾಯಿತು. ಈ ಮಾತುಕತೆ, ಅರ್ಜಿ, ಹಗ್ಗಜಗ್ಗಾಟ ಎಲ್ಲವೂ ಶಿಲ್ಪದ ಭಾಗವೇ ಎಂದು ಬಾಯ್ಸ್ ಎಣಿಸಿದ್ದರು. ಸಾಮಾಜಿಕ ಶಿಲ್ಪ ಎಂಬ ದೊಡ್ಡ ಮಾತು ಇಲ್ಲಿ ಗ್ಯಾಸ್ ಪೈಪಿನ ನಕ್ಷೆಯ ಮಟ್ಟಕ್ಕೆ ಇಳಿದು ನಿಜವಾಯಿತು.

ಓಕ್ ಯಾಕೆ, ಬಸಾಲ್ಟ್ ಯಾಕೆ?

ಕೃತಿಯ ಹೆಸರು ‘7000 ಓಕ್ ಮರಗಳು’. ಆದರೆ ಎಲ್ಲವೂ ಓಕ್ ಅಲ್ಲ. ಅರ್ಧಕ್ಕಿಂತ ಹೆಚ್ಚು ಓಕ್, ಉಳಿದವು ಆಶ್, ಲಿಂಡನ್, ಮೇಪಲ್, ಪ್ಲೇನ್, ಚೆಸ್ಟ್‌ನಟ್ ಹೀಗೆ. ಜಾಗಕ್ಕೆ ತಕ್ಕ ಮರ.

ಓಕ್ ನಿಧಾನವಾಗಿ ಬೆಳೆಯುತ್ತದೆ, ಒಳಗಿನ ತಿರುಳು ಬಹಳ ಗಟ್ಟಿ, ನೂರಾರು ವರ್ಷ ಬದುಕುತ್ತದೆ. ನೆಟ್ಟವರು ಅದರ ಪೂರ್ತಿ ಬೆಳವಣಿಗೆ ನೋಡುವುದಿಲ್ಲ. ಬಾಯ್ಸ್‌ಗೆ ಬೇಕಾಗಿದ್ದದ್ದೂ ಅದೇ, ಒಂದು ತಲೆಮಾರಿಗೆ ಮುಗಿಯದ ಕೆಲಸ. ಜರ್ಮನಿಯಲ್ಲಿ ಓಕ್‌ಗೆ ಇನ್ನೊಂದು ನೆನಪೂ ಅಂಟಿಕೊಂಡಿದೆ. ನಾಜಿಗಳು ಅದನ್ನು ತಮ್ಮ ರಾಷ್ಟ್ರದ ಗುರುತಾಗಿ ಮೆರೆಸಿದ್ದರು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರಿಗೆ ಓಕ್ ಸಸಿ ಕೊಟ್ಟಿದ್ದರು. ಅಂಥ ಮರವನ್ನು, ನಾಜಿಗಳ ಸೇನೆಯಲ್ಲಿದ್ದ ಬಾಯ್ಸ್ ಅವರೇ, ಬಾಂಬಿಗೆ ಸುಟ್ಟ ಊರಿನಲ್ಲಿ ಮತ್ತೆ ನೆಟ್ಟರು. ಇದನ್ನು ಕೆಲವರು ಪ್ರಾಯಶ್ಚಿತ್ತವಾಗಿ ಓದುತ್ತಾರೆ, ಕೆಲವರು ಅನುಮಾನದಿಂದ ನೋಡುತ್ತಾರೆ.

ಬಸಾಲ್ಟ್ ಎಂದರೆ ಲಾವಾ ತಣ್ಣಗಾಗಿ ಆದ ಕಪ್ಪು ಕಲ್ಲು. ಲಾವಾ ಆರುವಾಗ ಕುಗ್ಗುತ್ತದೆ. ಕುಗ್ಗುವಾಗ ಬಿರುಕು ಬಿಟ್ಟು, ಐದಾರು ಮುಖಗಳ ಕಂಬಗಳಾಗಿ ಸೀಳುತ್ತದೆ. ಮಲ್ಪೆಯ ಹತ್ತಿರದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಇಂಥ ಕಂಬಗಳನ್ನು ಕಣ್ಣಾರೆ ಕಂಡಿರುತ್ತೀರಿ. ಅಲ್ಲಿನ ಕಲ್ಲಿನ ಜಾತಿ ಬೇರೆ, ಆದರೆ ಕಂಬಗಳಾದ ಬಗೆ ಇದೇ. ಕಾಸೆಲ್ ಸುತ್ತಲೂ ಹಳೆಯ ಜ್ವಾಲಾಮುಖಿಯ ಗುಡ್ಡಗಳಿವೆ. ಹಾಗಾಗಿ ಕಲ್ಲು ಆ ಸೀಮೆಯದೇ. ಕೆತ್ತನೆ ಬೇಕಿಲ್ಲ, ನೆಲ ತಾನೇ ಕೆತ್ತಿ ಕೊಟ್ಟಿದೆ.

ಎರಡನ್ನೂ ಜೊತೆ ಇಟ್ಟಾಗ ಏನಾಗುತ್ತದೆ? ಕಲ್ಲು ಹೆಚ್ಚೂಕಮ್ಮಿ ಇದ್ದ ಹಾಗೇ ಇರುತ್ತದೆ. ಮರ ಬದಲಾಗುತ್ತಲೇ ಇರುತ್ತದೆ. ಮೊದಲ ವರ್ಷಗಳಲ್ಲಿ ಪಕ್ಕದ ದಪ್ಪ ಕಲ್ಲಿನ ಎದುರು ಸಸಿಯ ಕಾಂಡ ಕಡ್ಡಿಯಂತೆ. ಆಮೇಲೆ ಮರ ತುಂಬಿಕೊಳ್ಳುತ್ತದೆ, ಕಲ್ಲು ಅದರ ಬುಡದಲ್ಲಿ ಚಿಕ್ಕದಾಗಿ ಕಾಣುತ್ತದೆ. ಈಗ ಕಾಸೆಲ್‌ನ ಎಷ್ಟೋ ಬೀದಿಗಳಲ್ಲಿ ಬೇರು ಕಾಂಡ ಉಬ್ಬಿ ಕಲ್ಲಿಗೆ ಒತ್ತಿಕೊಂಡಿವೆ. ಕೊಬ್ಬಿನಲ್ಲಿ ಅವರು ಹುಡುಕಿದ ಹರಿವು ಮತ್ತು ಆಕಾರದ ಆಟವೇ ಇದು. ಅಲ್ಲಿ ಗಂಟೆಗಳಲ್ಲಿ ಆಗುತ್ತಿದ್ದದ್ದು ಇಲ್ಲಿ ಶತಮಾನಗಳಲ್ಲಿ ಆಗುತ್ತದೆ. ಗಿಡ ನೆಡೋದು ಕಲೆ ಹೇಗೆ ಎಂಬ ಪ್ರಶ್ನೆಗೆ ಬಾಯ್ಸ್ ಕಡೆಯ ಉತ್ತರ ಇದು.

ಕಿರೀಟ ಕರಗಿಸಿ ಮೊಲ ಮಾಡಿದ್ದು

ಏಳು ಸಾವಿರ ಮರ, ಕಲ್ಲು, ಸಾಗಾಟ, ಅಗೆತ, ಆರೈಕೆ. ದುಡ್ಡು ಎಲ್ಲಿಂದ? ಸರ್ಕಾರದ ಬೊಕ್ಕಸಕ್ಕೆ ಕೈಚಾಚದೆ ವಂತಿಗೆಯಿಂದಲೇ ಆಗಬೇಕೆಂದು ಬಾಯ್ಸ್ ಬಯಸಿದರು. ಶುರುವಿನ ಹಣ ಅಮೆರಿಕದ ಡಿಯಾ ಆರ್ಟ್ ಫೌಂಡೇಶನ್ ಕೊಟ್ಟಿತು. ಆಮೇಲೆ 500 ಮಾರ್ಕ್ (ಜರ್ಮನಿಯ ಆಗಿನ ಹಣ) ಕೊಟ್ಟ ಯಾರೇ ಆಗಲಿ ಒಂದು ಮರದ ದಾನಿ. ಅದಕ್ಕೊಂದು ಪ್ರಮಾಣಪತ್ರ. ಜಪಾನಿನ ನಿಕ್ಕಾ ವಿಸ್ಕಿಯ ಟಿವಿ ಜಾಹೀರಾತಿನಲ್ಲೂ ಬಾಯ್ಸ್ ಕಾಣಿಸಿಕೊಂಡರು, ಆ ಹಣವೂ ಮರಗಳಿಗೇ.

ಎಲ್ಲಕ್ಕಿಂತ ಹೆಚ್ಚು ಸುದ್ದಿಯಾದದ್ದು 1982ರ ಜೂನ್ 30ರ ಘಟನೆ. ರಷ್ಯಾದ ತ್ಸಾರ್ (ಅಂದರೆ ದೊರೆ) ಇವಾನನ ಕಿರೀಟದ ಒಂದು ಚಿನ್ನದ ನಕಲು ಬಾಯ್ಸ್ ಕೈಗೆ ಬಂದಿತ್ತು. ಡ್ಯುಸೆಲ್‌ಡಾರ್ಫ್‌ನ ಹೋಟೆಲು ಮಾಲೀಕರೊಬ್ಬರು ಮಾಡಿಸಿದ್ದು, ಅದರಲ್ಲಿ ಅತಿಥಿಗಳಿಗೆ ಮದ್ಯ ಕೊಡುತ್ತಿದ್ದರಂತೆ. ಫ್ರಿಡೆರಿಸಿಯಾನಮ್ ಎದುರಿನ ಮೈದಾನದಲ್ಲಿ, ಸೇರಿದ ಜನರ ಮುಂದೆ, ಬಾಯ್ಸ್ ಅದರ ರತ್ನಗಳನ್ನು ಕಿತ್ತು ಚಿನ್ನವನ್ನು ಕುಲುಮೆಗೆ ಹಾಕಿದರು. ಅಷ್ಟು ಒಳ್ಳೆಯ ಕುಸುರಿ ಕೆಲಸ ಹಾಳು ಮಾಡುತ್ತಿದ್ದಾರೆ ಎಂದು ಅಕ್ಕಸಾಲಿಗರು ಪ್ರತಿಭಟಿಸಿದರು. ಕರಗಿದ ಚಿನ್ನವನ್ನು ಅಚ್ಚಿಗೆ ಹೊಯ್ದರು. ಹೊರಗೆ ಬಂದದ್ದು ಒಂದು ಪುಟ್ಟ ಮೊಲ, ಜೊತೆಗೊಂದು ಸೂರ್ಯ. ಅದನ್ನು ಸಂಗ್ರಾಹಕರೊಬ್ಬರು 777,000 ಮಾರ್ಕಿಗೆ ಕೊಂಡರು. ಅಷ್ಟೂ ಹಣ ಮರಗಳಿಗೆ ಹೋಯಿತು. ಆ ಮೊಲ ಈಗ ಸ್ಟುಟ್‌ಗಾರ್ಟ್‌ನ ಮ್ಯೂಸಿಯಂನಲ್ಲಿದೆ.

ಊರಿನವರು ಏನಂದರು?

ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಮ್ಯೂಸಿಯಂ ಮುಂದಿನ ಚಂದದ ಮೈದಾನದಲ್ಲಿ ಕಲ್ಲು ಸುರಿದಿದ್ದಕ್ಕೆ ಸಿಟ್ಟು. ಯಾರೋ ರಾಶಿಗೆ ಗುಲಾಬಿ ಬಣ್ಣ ಬಳಿದರು. ಕಾರು ನಿಲ್ಲಿಸುವ ಜಾಗ ಹೋಯಿತೆಂದು ದೂರು.

ಆದರೆ ಅದೇ ಹೊತ್ತಿಗೆ ಜರ್ಮನಿಯ ಮನೆಮನೆಯಲ್ಲಿ ಒಂದು ಭಯ ಹುಟ್ಟಿತ್ತು. ಕಾಡುಗಳು ಒಣಗುತ್ತಿವೆ ಎಂಬ ಸುದ್ದಿ 1981ರಿಂದ ಪತ್ರಿಕೆಗಳ ಮುಖಪುಟಕ್ಕೆ ಬಂದಿತ್ತು. ಕಲ್ಲಿದ್ದಲು ಸುಟ್ಟಾಗ ಬರುವ ಗಂಧಕದ ಹೊಗೆ ಮೋಡದ ನೀರಿನ ಜೊತೆ ಸೇರಿ ಆಮ್ಲವಾಗುತ್ತದೆ. ಮಳೆಯಾಗಿ ಬಿದ್ದು ಮಣ್ಣನ್ನು, ಎಲೆಯನ್ನು ಕೆಡಿಸುತ್ತದೆ. ಇದೇ ಆಮ್ಲಮಳೆ. ಮರದ ಬಗ್ಗೆ ಮಾತಾಡುವುದು ಆಗ ದೂರದ ಆದರ್ಶವಾಗಿ ಉಳಿದಿರಲಿಲ್ಲ. ಬೈಯುತ್ತಿದ್ದವರಲ್ಲೇ ಎಷ್ಟೋ ಜನ ನಿಧಾನಕ್ಕೆ ತಮ್ಮ ಬೀದಿಗೂ ಒಂದು ಮರ ಬೇಕೆಂದು ಕೇಳತೊಡಗಿದರು.

ಎಲ್ಲ ಕಡೆಯೂ ಹೀಗಾಗಲಿಲ್ಲ. 1983ರಲ್ಲಿ ಹ್ಯಾಂಬರ್ಗ್ ನಗರ ಬಾಯ್ಸ್ ಅವರನ್ನು ಒಂದು ಯೋಜನೆಗೆ ಕರೆಯಿತು. ಎಲ್ಬೆ ನದಿಯ ಬಂದರಿನ ತಳದಿಂದ ಎತ್ತಿದ ವಿಷದ ಹೂಳು ಸುರಿದಿದ್ದ ಬಯಲಿನಲ್ಲಿ ಮರ, ಪೊದೆ ಬೆಳೆಸಿ, ಅವುಗಳ ಬೇರುಗಳಿಂದಲೇ ವಿಷವನ್ನು ಹಿಡಿದಿಡುವ ಯೋಜನೆ ಅವರು ಕೊಟ್ಟರು. ನಗರದ ಆಡಳಿತ ಇದು ಕಲೆಯೇ ಅಲ್ಲ ಎಂಬ ಧಾಟಿಯಲ್ಲಿ 1984ರಲ್ಲಿ ಅದನ್ನು ಕೈಬಿಟ್ಟಿತು. ಗಿಡಗಳಿಂದ ನೆಲ ಶುದ್ಧ ಮಾಡುವ ವಿಧಾನವನ್ನು ಇಂದು ವಿಜ್ಞಾನಿಗಳು ಗಂಭೀರವಾಗಿ ಬಳಸುತ್ತಿದ್ದಾರೆ. ಆ ಬಯಲು ಬಾಯ್ಸ್ ಕೈಗೆ ಸಿಗಬೇಕಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಕೊನೆಯ ಮರ, ಆಮೇಲಿನ ಮರಗಳು

ಬಾಯ್ಸ್ 1986ರ ಜನವರಿ 23ರಂದು ಡ್ಯುಸೆಲ್‌ಡಾರ್ಫ್‌ನಲ್ಲಿ ತೀರಿಕೊಂಡರು. ಆಗ ಸುಮಾರು 5,500 ಮರ ನೆಟ್ಟಾಗಿತ್ತು. ಕೆಲಸ ನಿಲ್ಲಲಿಲ್ಲ, ರಾಶಿ ಇನ್ನೂ ಇತ್ತಲ್ಲ. 1987ರ ಜೂನ್ 12ರಂದು, ಎಂಟನೆಯ ಡೊಕುಮೆಂಟಾ ಶುರುವಾದ ದಿನ, ಅವರ ಮಗ ವೆಂಜೆಲ್ ಕೊನೆಯ ಮರವನ್ನು ಮೊದಲ ಮರದ ಪಕ್ಕದಲ್ಲೇ ನೆಟ್ಟರು. ಮೈದಾನ ಖಾಲಿಯಾಯಿತು.

ಈಗ ಈ ಮರಗಳನ್ನು ಕಾಸೆಲ್ ನಗರ ಮತ್ತು ಇದಕ್ಕೆಂದೇ ಹುಟ್ಟಿದ ಒಂದು ಪ್ರತಿಷ್ಠಾನ ನೋಡಿಕೊಳ್ಳುತ್ತವೆ. ಕಾನೂನಿನ ಪ್ರಕಾರ ಇವು ಸಂರಕ್ಷಿತ ಸ್ಮಾರಕ. ಕಲೆಯನ್ನು ಕಾಯುವ ಕೆಲಸ ಇಲ್ಲಿ ತೋಟಗಾರರದ್ದು. ಸವರಬೇಕು, ರೋಗ ನೋಡಬೇಕು, ಬರದ ವರ್ಷ ನೀರು ಹಾಕಬೇಕು. ಮರ ಸತ್ತರೆ ಅಲ್ಲೇ ಹೊಸದು. ಕಟ್ಟಡ, ರಸ್ತೆ ಬಂದು ಮರ ತೆಗೆಯುವ ಮಾತು ಎದ್ದಾಗಲೆಲ್ಲ ಚರ್ಚೆ ಮತ್ತೆ ಶುರುವಾಗುತ್ತದೆ.

ಮರಗಳು ಕಾಸೆಲ್ ದಾಟಿಯೂ ಹೋದವು. ಡಿಯಾ ಸಂಸ್ಥೆ 1988ರಲ್ಲಿ ನ್ಯೂಯಾರ್ಕಿನ 22ನೇ ಬೀದಿಯಲ್ಲಿ ಐದು ಮರ, ಐದು ಬಸಾಲ್ಟ್ ಕಲ್ಲು ನಿಲ್ಲಿಸಿತು. 1996ರಲ್ಲಿ ಇನ್ನಷ್ಟು ಸೇರಿಸಿತು. 2007ರಲ್ಲಿ ಹೆದರ್ ಅಕ್ರಾಯ್ಡ್ ಮತ್ತು ಡ್ಯಾನ್ ಹಾರ್ವೆ ಎಂಬ ಬ್ರಿಟಿಷ್ ಕಲಾವಿದರು ಕಾಸೆಲ್‌ನ ಓಕ್‌ಗಳ ಬುಡದಲ್ಲಿ ಬಿದ್ದ ಬೀಜ ಆಯ್ದು ತಂದು ಮೊಳಕೆ ಬರಿಸಿದರು. ಬಾಯ್ಸ್ ಹುಟ್ಟಿ ನೂರು ವರ್ಷವಾದ 2021ರಲ್ಲಿ ಅಂಥ 100 ಸಸಿಗಳು ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಂ ಹೊರಗೆ ಕುಂಡಗಳಲ್ಲಿ ನಿಂತಿದ್ದವು.

ಕಾಸೆಲ್‌ಗೆ ಹೋಗುವವರು ಇದನ್ನು ನೋಡಲು ಟಿಕೆಟ್ ಕೊಳ್ಳಬೇಕಿಲ್ಲ. ಟ್ರಾಮಿನ ದಾರಿ, ಶಾಲೆಯ ಅಂಗಳ, ಪಾರ್ಕಿಂಗ್ ಜಾಗ, ಎಲ್ಲಿ ಬೇಕಾದರೂ ಸಿಗುತ್ತವೆ. ಗುರುತು ಹಿಡಿಯುವುದು ಸುಲಭ: ಮರದ ಪಕ್ಕ ನಾಲ್ಕಡಿಯ ಕಪ್ಪು ಕಲ್ಲು ನಿಂತಿದ್ದರೆ ಅದು ಏಳು ಸಾವಿರದಲ್ಲೊಂದು.